ಕದ್ದ ಬಾದಾಮಿ ಗಿಡ

ಸತ್ಯನಾರಾಯಣಪೇಟೆ, ಬಳ್ಳಾರಿ
ಮಾರ್ಚ್ ೨೦೦೯

ಮಾವನವರಾದ ಗೌಸಸಾಬರಿಗೆ ಅಳಿಯ ಅಜೀಮನ ಸಲಾಮುಗಳು.

ಮೊದಲು ತಪ್ಪೊಪ್ಪಿಗೆ. ಹೋದ ವರ್ಷ ಸಿರುಗುಪ್ಪಕ್ಕೆ ಬಂದಾಗ ನಿಮ್ಮ ಹಿತ್ತಲಿನ ಬಾದಾಮಿ ಸಸಿಯನ್ನು ಬೇರುಸಮೇತ ಕಿತ್ತು, ನಿಮ್ಮ ಮಗಳ ಸೀರೆಗಳ ನಡುವೆ ಬಚ್ಚಿಟ್ಟು ತಂದ ಕಳ್ಳ ನಾನೇ. ಸಸ್ಯಶಾಸ್ತ್ರದ ಮೇಷ್ಟ್ರು ಗಿಡ ಕದ್ದರೆ ಅದನ್ನು ಕಳವು ಎನ್ನುವುದಿಲ್ಲ, ಸಂಗ್ರಹ ಎನ್ನುತ್ತೇವೆ.

ಗಿಡವೀಗ ಕಿಟಕಿ ಮುಟ್ಟಿದೆ. ಇದರ ಮನೆತನ ದೊಡ್ಡದು ಮಾವನವರೆ. ಮತ್ತಿ, ತಾರೆ, ಅಳಲೆ ಎಲ್ಲ ಇದರ ದಾಯಾದಿಗಳೇ. ಅವು ನಮ್ಮ ಕಾಡು ಹಿಡಿದು ಕೂತವು. ಇದರ ಕಾಯಿ ಮಾತ್ರ ಸಮುದ್ರದಲ್ಲಿ ತೇಲುತ್ತ ಪೆಸಿಫಿಕ್ ದ್ವೀಪಗಳಲ್ಲೂ ಸಂಸಾರ ಹೂಡಿತು. ಉಪ್ಪುಗಾಳಿಗೆ ಅಂಜದ್ದು ಅದಿರು ಲಾರಿಗಳ ಕೆಂಪು ದೂಳಿಗೆ ಅಂಜೀತೆ? ತಟ್ಟೆಯಗಲದ ಎಲೆಗಳು ದೂಳನ್ನೆಲ್ಲ ಬೀದಿಯಲ್ಲೇ ತಡೆಯುತ್ತವೆ. ದಿನಾ ಬೆಳಿಗ್ಗೆ ಒಂದೊಂದೇ ಎಲೆ ಒರೆಸುತ್ತೇನೆ, ಸಂಜೆಗೆ ಮತ್ತೆ ಕೆಂಪು. "ಸರಾ, ಎಲಿ ಒಗ್ಯಾಕ ಸೋಪು ಕೊಡ್ಲೇನ್ರಿ?" ಎಂದು ಪಕ್ಕದ ಮನೆಯ ಹೊನ್ನೂರಮ್ಮ ನಗುತ್ತಾಳೆ. ನನಗೆ ನಗಲೂ ದಣಿವು.

"ಇಲ್ಲಿ ಆಸ್ಫಿಯಾನ ಕೆಮ್ಮು ನಿಂತೈತಿ. ಕೂಸನ್ನ ಮತ್ತ ಆ ದೂಳಿನ ಮನಿಗೆ ಹೆಂಗ ಕರ್ಕೊಂಡು ಬರ್ಲಿರಿ?" ಎಂದು ನಿಮ್ಮ ಮಗಳು ಸಿರುಗುಪ್ಪದಿಂದ ಫೋನಿನಲ್ಲಿ ಕೇಳಿ ಮೂರು ತಿಂಗಳಾಯಿತು. ಮನೆಯೊಳಗೆ ಈಗ ದೂಳಿಲ್ಲ, ತಾಯಿ ಮಗಳಿಬ್ಬರನ್ನೂ ಕಳಿಸಿಕೊಡಿ ಎಂದು ಬರೆಯಲೆಂದೇ ಕುಳಿತೆ.

ಬೇಡ, ಸದ್ಯಕ್ಕೆ ಅಲ್ಲೇ ಇರಲಿ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎರಡು ಮಾತಾಡುವಷ್ಟರಲ್ಲಿ ನನಗೇ ಕೆಮ್ಮು ಬರುತ್ತದೆ.

ನಿಮ್ಮ ಅಳಿಯ,
ಅಜೀಮ್