ಕಮ್ಮಾರನ ಮಾತನ್ನು ತಿದ್ದಿದವಳು

ಇಲೋಯ್ಲೋ ಪ್ರಾಂತ್ಯ
ಜುಲೈ ೧೧, ಶುಕ್ರವಾರ

ಪ್ರೀತಿಯ ಹುಡುಗಿ, ಇಂದಾಯ್ ಅರಸೇಲಿ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ಇದೇ ದುಂಡು ಅಕ್ಷರದಲ್ಲಿ ನಿನ್ನ ಆರನೇ ತರಗತಿಯ ಪ್ರಬಂಧಗಳನ್ನೆಲ್ಲ ಕೆಂಪು ಮಾಡಿ ಕೊಡುತ್ತಿದ್ದೆ. ಹರಿದು ಹಾಕಬೇಕೆನಿಸಿದರೆ ಹಾಕು, ಆದರೆ ಓದಿದ ಮೇಲೆ. ಕಡಲಾಚೆಯ ಬಾಕೊಲೋದ್‌ನಲ್ಲಿ ನಿನ್ನ ಅಕ್ಕನ ಮನೆಯ ವಿಳಾಸ ಕೊಟ್ಟವರು ನಮ್ಮ ಸೀಗಡಿ ಗೊಜ್ಜಿನ ಅಕ್ಕ, ಮನಾಂಗ್ ಪೆರ್ಲಾ. ಕೊಡುವ ಮುಂಚೆ ಯಾಕೆ ಎಂದು ಎರಡು ಸಲ ಕೇಳಿದರು.

ನೀನು ಊರು ಬಿಟ್ಟು ಏಳು ವಾರ ಆಯಿತು. ಸಂತೆಕಟ್ಟೆಯ ಪಕ್ಕದ ಸಭಾಂಗಣಕ್ಕೆ ಬೀಗ ಬಿದ್ದಿದೆ. ಜನ ಮತ್ತೆ ನನ್ನ ಜಗಲಿಗೆ ಬರಲು ಶುರುಮಾಡಿದ್ದಾರೆ. ನಾನು ಬಯಸಿದ್ದು ಅದನ್ನೇ. ಆದರೆ ಬಂದವರು ಕುರ್ಚಿಯ ತುದಿಯಲ್ಲಿ ಕೂತು ಬೇಗ ಎದ್ದು ಹೋಗುತ್ತಾರೆ.

ಹನ್ನೊಂದು ವರ್ಷ ಈ ಊರಿನ ಸಣ್ಣಪುಟ್ಟ ವ್ಯಾಪಾರದವರಿಗೆಲ್ಲ ಮಾತು ಬರೆದುಕೊಟ್ಟವಳು ನಾನು. ಅಂಗಡಿಯ ಫಲಕ, ಬಾಟಲಿಯ ಚೀಟಿ, ಸಾಲದ ಅರ್ಜಿ, ಮೇಳದ ಪರಿಚಯ ಎಲ್ಲವೂ ನನ್ನ ಕೈಯಿಂದಲೇ. ನಿವೃತ್ತಿಯ ಮಾರನೆಯ ದಿನ ನನ್ನನ್ನು ಕೇಳುವವರು ಯಾರೂ ಇರುವುದಿಲ್ಲವೆಂದು ಹೆದರಿದ್ದವಳಿಗೆ ಈ ಕೆಲಸ ಸಿಕ್ಕಿತ್ತು. ಪೊರಕೆ ಕಟ್ಟುವವನಿಗೂ ಮಾವಿನ ಹಣ್ಣಿನ ಜಾಮ್ ಮಾಡುವವಳಿಗೂ ನಾನು ಬರೆದದ್ದು ಒಂದೇ: ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ. ಶವಪೆಟ್ಟಿಗೆ ಅಂಗಡಿಯ ಮೇಲೂ ಅದನ್ನೇ ಬರೆಸಿದ್ದೆ. ನೀನು ಮನಿಲಾದಿಂದ ಬಂದ ಮೊದಲ ವಾರ ಆ ಫಲಕ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ನಾನು ರಸ್ತೆಯ ಆಚೆ ನಿಂತಿದ್ದೆ. ಅದು ನಿನಗೆ ಗೊತ್ತಿಲ್ಲ.

ಆಮೇಲೆ ನೀನು ಆ ಸಭಾಂಗಣದಲ್ಲಿ, ವ್ಯಾಪಾರದವರಿಗೆ ತಮ್ಮ ಕೆಲಸವನ್ನು ತಮ್ಮ ಮಾತಲ್ಲೇ ಹೇಳಲು ಕಲಿಸುವ ಶನಿವಾರದ ತರಗತಿ ಶುರು ಮಾಡಿದೆ. ಬಾಗಿಲ ಹೊರಗೆ ಚಪ್ಪಲಿಗಳು ಹೆಚ್ಚುತ್ತಾ ಹೋದವು. ಮೊದಲ ವಾರ ಆರು ಜೊತೆ, ಮೂರನೆಯ ವಾರ ಇಪ್ಪತ್ತೆರಡು. ಎಣಿಸಿದವಳು ನಾನೇ. ತರಕಾರಿಗೆ ಹೋಗುವ ನೆಪದಲ್ಲಿ ಆ ದಾರಿ ಹಿಡಿದು, ಹಿಂದಿನ ಕಿಟಕಿಯ ಹತ್ತಿರ ಕೊಡೆ ಬಿಡಿಸುತ್ತಾ ಮಡಿಸುತ್ತಾ ನಿಲ್ಲುತ್ತಿದ್ದೆ. ಒಂದು ಶನಿವಾರ ಮನಾಂಗ್ ಪೆರ್ಲಾ ತಮ್ಮ ಸೀಗಡಿ ಉಪ್ಪಿನ ಗೊಜ್ಜಿನ ಬಗ್ಗೆ ಹೇಳಲು ಎದ್ದು, ನಾನು ಬರೆದುಕೊಟ್ಟಿದ್ದ ಸಾಲನ್ನೇ ಒಪ್ಪಿಸಿದರು. ನೀನು ಅದನ್ನು ಜರೆಯಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ಮೊದಲು ಕೈ ಯಾವುದಕ್ಕೆ ಹಾಕಿದಿರಿ ಎಂದಷ್ಟೇ ಕೇಳಿದೆ. ಮನಾಂಗ್ ಹೇಳಿದರು:

"ಜಾಡಿ ಮುಚ್ಚಳ ತೆಗೆದು ಮೂಗು ಇಟ್ಟೆ. ಸಮುದ್ರದ ವಾಸನೆ ಬಂದ್ರೆ ಇನ್ನೂ ಆಗಿಲ್ಲ ಅಂತ. ಹಸಿವಾದ್ರೆ ಆಯ್ತು ಅಂತ."

ಇಡೀ ಸಭೆ ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷ ನನ್ನ ಜಗಲಿಯಲ್ಲಿ ಕೂತ ಹೆಂಗಸು ಇಂಥ ಮಾತನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ನಾನು ಅಕ್ಷರ ಕಲಿಸಿದ ಹುಡುಗಿ, ಸಣ್ಣಕ್ಷರ ಎಲ್ಲಿ ದೊಡ್ಡಕ್ಷರ ಎಲ್ಲಿ ಎಂದು ತಡವರಿಸುತ್ತಿದ್ದವಳು, ನನ್ನ ಜನರನ್ನು ಬರೀ ಒಂದು ಪ್ರಶ್ನೆಯಿಂದ ಕಿತ್ತುಕೊಂಡಳು ಎಂದು ದಾರಿಯುದ್ದಕ್ಕೂ ಗೊಣಗಿದೆ. ಮನೆಗೆ ಬಂದು ಊಟ ಮಾಡಲಿಲ್ಲ.

ಇಷ್ಟಾದರೂ ನೀನು ನನ್ನ ಹತ್ತಿರ ಬಂದೆ. ಪ್ರಾಂತ್ಯದ ವ್ಯಾಪಾರ ಮೇಳದ ಸ್ಪರ್ಧೆಗೆ ಹೋಗುವ ಒಂಬತ್ತು ಜನರ ಪರಿಚಯದ ಚೀಟಿಗಳನ್ನು ನನ್ನ ಮಡಿಲಲ್ಲಿಟ್ಟು, ಅಕ್ಷರ ತಪ್ಪಿದ್ದರೆ ಮಾತ್ರ ನೋಡಿ ಮುದ್ರಣಕ್ಕೆ ಕಳಿಸಿ ಟೀಚರ್, ನಿಮ್ಮ ಕಣ್ಣು ತಪ್ಪಿಸಿ ಯಾವುದೂ ಹೋಗಬಾರದು ಎಂದೆ. ಆ ಗೌರವವೂ ನನಗೆ ಕರುಣೆಯಂತೆ ಕಂಡಿತು.

ಎಂಟು ಚೀಟಿ ಹಾಗೇ ಕಳಿಸಿದೆ. ಒಂಬತ್ತನೆಯದು ನಮ್ಮ ಕಮ್ಮಾರಣ್ಣ ಮನೋಂಗ್ ತಿಬೋನದು. ಅವನು ನಿನಗೆ ಹೇಳಿ ಬರೆಸಿದ್ದು ನನಗೆ ಈಗಲೂ ಬಾಯಿಪಾಠ:

"ಇದು ಹಳೇ ಜೀಪಿನ ಸ್ಪ್ರಿಂಗ್ ಪಟ್ಟಿ. ಇಪ್ಪತ್ತು ವರ್ಷ ಜನಾನ್ನ ಹೊತ್ತಿದೆ. ನಾನು ಅದನ್ನ ಕಾಸಿ ಬಡಿದು ಮಚ್ಚು ಮಾಡ್ತೀನಿ. ಮಾಗಿದ ಪಪ್ಪಾಯದ ಬಣ್ಣ ಬಂದಾಗ ನೀರಿಗೆ ಅದ್ದಬೇಕು. ಮೊದಲೇ ಅದ್ದಿದ್ರೆ ಬಾಗುತ್ತೆ, ತಡ ಆದ್ರೆ ಒಡೆಯುತ್ತೆ. ಕಬ್ಬು ಕಡಿಯೋನಿಗೆ ಸಂಜೆ ಮನೆಗೆ ಹೋಗಿ ಮಗುವನ್ನ ಎತ್ಕೊಳ್ಳೋಕೆ ಕೈಯಲ್ಲಿ ಶಕ್ತಿ ಉಳಿದಿದ್ರೆ, ಮಚ್ಚು ಚೆನ್ನಾಗಿದೆ ಅಂತ."

ಅದನ್ನು ಪಕ್ಕಕ್ಕಿಟ್ಟು ಹೊಸ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಪರಂಪರೆ, ಶ್ರೇಷ್ಠತೆ, ಸಮರ್ಪಣೆ ಎಂಬ ಅರ್ಥದ ಉದ್ದುದ್ದ ಪದಗಳು. ಕೊನೆಯಲ್ಲಿ ಅದೇ ಗ್ರಾಹಕರ ಸಂತೃಪ್ತಿ. ಮೇಳಕ್ಕೆ ದೊಡ್ಡ ಜನ ಬರುತ್ತಾರೆ, ಕಮ್ಮಾರನ ಮರ್ಯಾದೆ ಹೆಚ್ಚಲಿ ಎಂದುಕೊಂಡೆ. ಮೂವತ್ತನಾಲ್ಕು ವರ್ಷ ತಿದ್ದಿದ ಕೈ, ಸುಮ್ಮನಿರಲಿಲ್ಲ. ಅದನ್ನು ಅವನು ವೇದಿಕೆಯ ಮೇಲೆ ಹೇಳಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲಿಡುವ ಚೀಟಿ ಎಂದಷ್ಟೇ ತಿಳಿದಿದ್ದೆ.

ಮೇಳದ ದಿನ ನಡೆದದ್ದನ್ನು ನೀನೂ ಕಂಡಿದ್ದೀ, ನಾನೂ ಹಿಂದಿನ ಸಾಲಿನಿಂದ ಕಂಡೆ. ತಿಬೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಜೀಪಿನ ಪಟ್ಟಿಯಿಂದ ಶುರುಮಾಡಿದ. ತೀರ್ಪುಗಾರರು ಮುದ್ರಣದಿಂದ ನೇರ ಅಲ್ಲಿಗೇ ಬಂದಿದ್ದ ಚೀಟಿ ಮೇಲೆತ್ತಿ, ಇಲ್ಲಿರುವುದು ಬೇರೆ ಇದೆಯಲ್ಲ, ಅಚ್ಚಾಗಿರುವುದನ್ನೇ ಓದಿ ಎಂದರು. ಅವನು ಚೀಟಿ ಹತ್ತಿರ ಹಿಡಿದ, ದೂರ ಹಿಡಿದ. ಮೊದಲ ಪದವೇ ನಾಲಿಗೆಗೆ ಸಿಕ್ಕಲಿಲ್ಲ. ಯಾರೋ ನಕ್ಕರು. ಇದು ನಿಮ್ಮದೇ ಕೆಲಸ ತಾನೇ ಎಂದು ತೀರ್ಪುಗಾರರು ಕೇಳಿದಾಗ ತಿಬೋ ಚೀಟಿಯನ್ನು ಮೇಜಿನ ಮೇಲಿಟ್ಟು ಇಳಿದು ಹೋದ. ಆರುನೂರು ಮಚ್ಚು ಬೇಕೆಂದು ನೆಗ್ರೋಸ್ ದ್ವೀಪದ ಕಬ್ಬಿನ ತೋಟದಿಂದ ಬಂದಿದ್ದವನು ಪಕ್ಕದ ಊರಿನ ಕಮ್ಮಾರನ ಕಡೆಗೆ ನಡೆದ.

ಊರೆಲ್ಲ ನಿನ್ನನ್ನು ಬೈಯಿತು. ನಮ್ಮ ಮಾತೇ ಸಾಕು ಎಂದು ಹೇಳಿ ಹೇಳಿ ಕೊನೆಗೆ ತನ್ನ ಇಂಗ್ಲಿಷ್ ಮೆರೆಸಿದಳು ಎಂದರು. ತಿಬೋ ಎಲ್ಲರ ಮುಂದೆ, ಕುಲುಮೆ ಹತ್ತಿರ ಇನ್ನು ಕಾಲಿಡಬೇಡ ಎಂದು ನಿನಗೆ ಹೇಳಿದ. ಪುರಸಭೆಯವರು ತರಗತಿ ನಿಲ್ಲಿಸಿದರು. ಆ ಚೀಟಿಗಳು ಕೊನೆಗೆ ಯಾರ ಕೈಯಲ್ಲಿದ್ದವು ಎಂದು ನಿನಗೆ ಮಾತ್ರ ಗೊತ್ತಿತ್ತು. ನೀನು ನನ್ನ ಕಡೆ ಒಮ್ಮೆ ನೋಡಿದೆ, ಅಷ್ಟೇ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಅದಕ್ಕೂ ನನಗೆ ನಿನ್ನ ಮೇಲೆ ಅಸೂಯೆಯೇ ಆಯಿತು, ಸೇಲಿ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಕೂಗಿ ಹೇಳುತ್ತಿದ್ದೆ ಎಂದು ನನಗೆ ಗೊತ್ತು.

ಕಳೆದ ಸೋಮವಾರ ಪುರಸಭೆಗೆ ಹೋಗಿ, ಸರದಿಯಲ್ಲಿ ನಿಂತವರಿಗೂ ಕೇಳಿಸುವಂತೆ, ಚೀಟಿ ಬದಲಿಸಿದವಳು ನಾನು ಎಂದು ಹೇಳಿದೆ. ಬರೆದುಕೊಡಿ ಎಂದರು, ಬರೆದುಕೊಟ್ಟೆ. ನೀನು ತಿರುಗಿ ಬರಲು ಒಪ್ಪಿದರೆ ಸಭಾಂಗಣದ ಬೀಗ ತೆಗೆಯುತ್ತಾರಂತೆ. ಅಲ್ಲಿಂದ ನೇರ ಕುಲುಮೆಗೆ ಹೋದೆ. ತಿಬೋ ತಿದಿ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತಾನೆಂದು ಕಾದೆ. ಅವನು ಇಷ್ಟೇ ಹೇಳಿದ:

"ನನ್ನ ಮಾತು ತಿದ್ದಿದ್ರಿ, ಇರ್ಲಿ ಟೀಚರ್. ನಾನು ಆ ಹುಡುಗಿಗೆ ಆಡಿದ ಮಾತು ಇದೆಯಲ್ಲ, ಅದನ್ನ ಈಗ ಯಾರು ತಿದ್ತಾರೆ?"

ತಪ್ಪಾಯಿತೆಂದು ಅವನೇ ಬಂದು ನಿನಗೆ ಹೇಳಬೇಕಂತೆ, ಬರೆಸುವುದಿಲ್ಲವಂತೆ. ಬುಧವಾರದ ದೋಣಿಗೆ ಬಾಕೊಲೋದ್‌ಗೆ ಬರುತ್ತಾನೆ. ಬಾಗಿಲು ತೆಗೆ.

ನೀನು ತಿರುಗಿ ಬಂದರೆ ನಾನು ಸಂತೋಷಪಡುತ್ತೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಚಪ್ಪಲಿಗಳನ್ನು ಮತ್ತೆ ಎಣಿಸುತ್ತೇನೆ, ಮತ್ತೆ ಹೊಟ್ಟೆ ಉರಿಯುತ್ತದೆ. ಆದರೂ ಬಾ.

ನಿನ್ನ ಹಳೆಯ ಟೀಚರ್,
ಕ್ರಿಸ್ಪಿನಾ

ತಾ.ಕ.: ವೇದಿಕೆಯ ಮೇಲೆ ಹೇಳಬೇಕೆಂದು ಗೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ಚೀಟಿಗಳನ್ನು ಮುದ್ರಣಕ್ಕೆ ಕಳಿಸುವ ಹಿಂದಿನ ದಿನ ತಿಬೋ ನನ್ನ ಗೇಟಿನ ಹತ್ತಿರ ನಿಂತು, ಟೋಪಿ ತೆಗೆದು, ಚೀಟಿಗಳು ನನ್ನ ಮನೆಯಲ್ಲೇ ಇವೆ ಎಂದು ತಿಳಿಯದೆ, ವೇದಿಕೆಯ ಮೇಲೆ ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಒಪ್ಪಿಸಿದ್ದ. ಮರೆತರೆ ಚೀಟಿ ನೋಡಿಕೊಳ್ಳುತ್ತೇನೆ ಟೀಚರ್, ಅದರಲ್ಲಿ ನನ್ನ ಮಾತೇ ಇರುತ್ತದಲ್ಲ ಎಂದಿದ್ದ. ಚೆನ್ನಾಗಿದೆ ಎಂದು ಹೇಳಿ ಒಳಗೆ ಬಂದು ಇಂಗ್ಲಿಷ್ ನಿಘಂಟು ತೆಗೆದೆ. ಅವನು ಓದಲಾರದ ಪದಗಳನ್ನೇ ಹುಡುಕಿ ಹುಡುಕಿ ಹಾಕಿದೆ. ಸೋಮವಾರ ಕುಲುಮೆಯಲ್ಲಿ, ಅವನ ಮುಂದೆಯೇ, ಗೊತ್ತಿರಲಿಲ್ಲ ಎಂದೆ. ಅವನು ನನ್ನ ಮುಖ ನೋಡಿದ, ನಿಮಗೆ ಗೊತ್ತಿತ್ತು ಅನ್ನಲಿಲ್ಲ.