ದೀಪ ಎಮ್ಮೆಗೆ ಹಾಕಿದ ಮುದ್ದೆ

ಕೊಳ್ಳೇಗಾಲ, ೧೪ ಜೂನ್ ೨೦೨೫. ಯಳಂದೂರಿನಿಂದ ಈಗಷ್ಟೇ ಬಂದೆ. ಇದನ್ನು ನಿನಗೆ ಕಳಿಸುವುದಿಲ್ಲ.

ಭವ್ಯಾ,

ನೃತ್ಯ ಕಲಿಯುವವರಿಗೆ ಪೌಷ್ಟಿಕತೆಯ ಪಾಠ ಎಷ್ಟು ತಲುಪಿದೆ ಎಂಬುದು ಸಂದರ್ಶನದಿಂದ ತಿಳಿಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇನೆ. ಇವತ್ತು ಸಿಕ್ಕವಳು ನಿನ್ನ ಶಿಷ್ಯೆ ದೀಪ. ನೀನು ತರಗತಿಯ ಗೋಡೆಗೆ ಅಂಟಿಸಿದ ಆಹಾರದ ಪಟವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಪಟ ಅಂಟಿಸುವುದನ್ನೇ ನೀನು ಪಾಠವೆಂದು ತಿಳಿದಿದ್ದೀಯೆ. ರೆಕಾರ್ಡರ್ ನಿಲ್ಲಿಸಿದ ಮೇಲೆ ಅವಳು ನಿಜ ಹೇಳಿದಳು.

"ಮುದ್ದೆ ಉಂಡ್ರೆ ಒಟ್ಟೆ ಕಾಣ್ತದೆ ಅಂತಾರೆ ಮಿಸ್ಸು. ಅವ್ವುಂಗೆ ಗೊತ್ತಾಗ್ದಂಗೆ ಎಮ್ಮೆಗೆ ಆಕ್ಬುಡ್ತೀನಿ. ಅಕ್ಕಾ, ನೀವು ದಪ್ಪ ಆಗಿ ಡ್ಯಾನ್ಸ್ ಬುಟ್ರಿ ಅಂತಾರೆ ಮಿಸ್ಸು, ದಿಟ್ವಾ?"

ಸುಳ್ಳಿಗಾದರೂ ನೀನು ಸ್ವಲ್ಪ ಶ್ರಮಪಡಬಹುದಿತ್ತು. ತೆಳ್ಳಗಿರಲೆಂದು ಊಟ ಬಿಟ್ಟಿದ್ದ ನಾನು ಹನೂರಿನ ವೇದಿಕೆಯಲ್ಲಿ ಹಸಿವಿನಿಂದ ಬಿದ್ದು ನೃತ್ಯವನ್ನೇ ಬಿಟ್ಟ ದಿನ, ಪಕ್ಕದಲ್ಲಿ ಕುಣಿಯುತ್ತಿದ್ದ ನೀನೇ ನನ್ನನ್ನು ಎತ್ತಿ ನೀರು ಕುಡಿಸಿದ್ದೆ.

ಇವತ್ತಿನದು ಪ್ರಾಯೋಗಿಕ ಸಂದರ್ಶನ, ಅಧ್ಯಯನದ ವರದಿಗೆ ಸೇರುವುದಿಲ್ಲ. ಭಾನುವಾರ ದೀಪಳ ಮನೆಗೆ ಹೋಗಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ನಾನು ಬಿದ್ದದ್ದನ್ನು ಅವಳ ಅವ್ವನಿಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ.