ಗುರುಸ್ವಾಮಿಯವರನ್ನು ಮನೆ ಸೇರಿಸಿದ್ದು

ಕೊಳ್ಳೇಗಾಲ,
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ತಂಗಿ ಚಂದ್ರಮ್ಮನಿಗೆ ಅಕ್ಕನ ಮನಸಾರೆ ಆಶೀರ್ವಾದ.

ನಾವೆಲ್ಲ ಕ್ಷೇಮ. ಶಾಗ್ಯದಲ್ಲಿ ನೀನು, ನಿನ್ನ ಯಜಮಾನರು, ನಿನ್ನ ಎಮ್ಮೆ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆಯುತ್ತೇನೆಂದು ದೀಪಾವಳಿಯಲ್ಲಿ ಹೇಳಿದವಳು ಸಂಕ್ರಾಂತಿ ಬಾಗಿಲಿಗೆ ಬಂದಾಗ ಬರೆಯುತ್ತಿದ್ದೇನೆ, ಬೈದುಕೋ. ದಿನಾ ಫೋನು ಮಾಡುವವಳಿಗೆ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟದ್ದು ಯಾವಾಗ?

ಸುದ್ದಿ ಸಂತೋಷದ್ದು. ಸೊಂಟದ ಮೂಳೆ ಮುರಿದು ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದ್ದ ಗುರುಸ್ವಾಮಿ ಎಂಬ ಎಪ್ಪತ್ತಾರರ ರೇಷ್ಮೆ ನೇಕಾರರು ಕ್ಷೇಮವಾಗಿ ಮನೆ ಸೇರಿದರು. ಸೇರಿಸಿದವಳು ನಾನು! ವಯಸ್ಸಾದವರನ್ನು ಡಿಸ್ಚಾರ್ಜ್ ಮಾಡುವ ಮುಂಚೆ ಅವರ ಮನೆ ನೋಡಿ ಬರುವ ಹುಚ್ಚು ನನಗಿದೆಯಲ್ಲ. "ಅನಸೂಯಮ್ಮೋರು ಹೆಣ್ಣು ನೋಡಕ್ಕೆ ಒಂಟ್ರು" ಎಂದು ವಾರ್ಡಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಗುರುಸ್ವಾಮಿಯವರನ್ನು ಮೊದಲೇ ಕೇಳಿದ್ದೆ, ಮನೆಯಲ್ಲಿ ಮೆಟ್ಟಿಲಿದೆಯೇ ಎಂದು. "ಒಂದೂ ಇಲ್ಲ ಕಣವ್ವ. ಬಟ್ಲು ಉಳ್ಳಿಸುದ್ರೆ ಒಂದೇ ಸಮ ಓಯ್ತದೆ, ಅಂಥ ನೆಲ" ಎಂದರು. ಕೂತುಕೊಳ್ಳುವ ಕಕ್ಕಸೂ ಇದೆ, ಮಗ ಮೋಹನ್ ಹಾಕಿಸಿದ್ದಾನೆ. ಇನ್ನೇನು ಬೇಕು? ಆದರೂ ಹೋದೆ. ಹೊಸ್ತಿಲು ದಾಟಿದವಳು ಹಾಗೇ ನಿಂತೆ. ನಡುಮನೆಯ ತುಂಬಾ ಮಗ್ಗ, ಮಗ್ಗದ ಮುಂದೆ ನೇಯುವವರು ಕಾಲಿಳಿಬಿಡುವ ಗುಂಡಿ, ತೊಡೆಯುದ್ದ ಆಳ! ಮಂಚದಿಂದ ಬಚ್ಚಲಿಗೆ ಹೋಗಬೇಕೆಂದರೆ ಗುಂಡಿಗೂ ಗೋಡೆಗೂ ನಡುವೆ ಒಂದು ಮೊಳ ಜಾಗ. ಅದರಲ್ಲಿ ವಾಕರ್ ಹೇಗೆ ಹಿಡಿಸಬೇಕು?

"ಇದನ್ನ ಯಾಕೆ ಹೇಳಲಿಲ್ಲಮ್ಮ?" ಎಂದು ಅವರ ಹೆಂಡತಿ ಚೌಡಮ್ಮನನ್ನು ಕೇಳಿದೆ.

"ನೀವು ಮೆಟ್ಲು ಕೇಳುದ್ರಿ, ಕಕ್ಕಸು ಕೇಳುದ್ರಿ. ಗುಂಡಿ ಯಾರು ಕೇಳುದ್ರು? ಉಟ್ಟಿದಾಗ್ನಿಂದ ನಮ್ಗೆ ಅದೂ ನೆಲವೇ ಕಣ್ರಿ."

ಹಲಗೆ ಮುಚ್ಚಿಸೋಣ ಎಂದೆ. ಆ ಮಾತು ನನಗಿಂತ ಮುಂಚೆ ಆಸ್ಪತ್ರೆ ತಲುಪಿತು. ಗುರುಸ್ವಾಮಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. "ನಮ್ ಬೀದೀಲಿ ಗುಂಡಿ ಮುಚ್ಚೋದು ನೇಯೋನು ಸತ್ತಾಗ. ನಾನಿನ್ನೂ ಉಸುರಾಡ್ತಿವ್ನಿ. ಮುಚ್ಚುದ್ರೆ ಮನೇಗೇ ಬರಾಕಿಲ್ಲ, ಇಲ್ಲೇ ಇರ್ತೀನಿ." ಊಟ ಮುಟ್ಟಲಿಲ್ಲ. ನನಗೆ ಕೋಪ ಬಂತು, ಆಮೇಲೆ ಅವರ ಮಂಚದ ಪಕ್ಕ ಕೂತು ಯೋಚಿಸಿದೆ. ಮುಚ್ಚಿದರೆ ಮನಸ್ಸು ಮುರಿಯುತ್ತದೆ, ಮುಚ್ಚದಿದ್ದರೆ ಮತ್ತೆ ಮೂಳೆ.

ದಾರಿ ತೋರಿಸಿದ್ದು ಚೌಡಮ್ಮನೇ. ಅಡುಗೆಮನೆಯ ಹಿತ್ತಿಲ ಬಾಗಿಲು ಹಳೇ ಮಗ್ಗದ ಸಾಮಾನು ಅಡ್ಡವಾಗಿ ಎಷ್ಟೋ ವರ್ಷದಿಂದ ಮುಚ್ಚಿತ್ತು. ಅದನ್ನು ತೆರೆದರೆ ಬಚ್ಚಲು ಪಕ್ಕದಲ್ಲೇ. ಬಡಗಿ ರಂಗನಾಯಕ ಬಂದು ಹೊಸ್ತಿಲಿಗೆ ಇಳಿಜಾರು ಹಲಗೆ ಹೊಡೆದ, ಗುಂಡಿಯ ಸುತ್ತ ಸೊಂಟದೆತ್ತರ ಮರದ ಬೇಲಿಯಂಥ ಕಟಾಂಜನ ಕಟ್ಟಿದ. ಮಂಚ ಅಡುಗೆಮನೆ ಕಡೆ ಸರಿಯಿತು. ಮಲಗಿದಲ್ಲಿಂದ ಮಗ್ಗ ಕಾಣುತ್ತದೆ, ಆದರೆ ಅದರ ಹತ್ತಿರ ಹಾಯುವ ಹಾಗಿಲ್ಲ. ಮೋಹನ್ ಫೋನಿನಲ್ಲಿ ಫೋಟೋ ತಂದು ತೋರಿಸಿದ. ಮುದುಕರು ಎರಡು ಸಲ ನೋಡಿ, "ಗುಂಡಿ ಅಂಗೇ ಅದೆ. ಊಟ ತಕಂಡು ಬನ್ನಿ" ಎಂದರು.

ಮನೆಗೆ ಬಂದ ದಿನ ಇಡೀ ಬೀದಿ ಸೇರಿತ್ತು. ಚೌಡಮ್ಮ ಆರತಿ ಎತ್ತಿ, ಆ ಕೆಂಪು ನೀರನ್ನು ಸರಿಯಾಗಿ ವಾಕರ್ ಕಾಲೂರುವ ಕಡೆಗೇ ಚೆಲ್ಲಿದರು! "ಮೊದ್ಲು ಒರೆಸಿ!" ಎಂದು ನಾನು ಕಿರುಚಿದ ರಭಸಕ್ಕೆ ನಾಲ್ಕು ಜನ ಹೆಂಗಸರು ಒಟ್ಟಿಗೆ ಸೆರಗು ಹಿಡಿದು ಬಗ್ಗಿದರು. ಗುರುಸ್ವಾಮಿ ನಕ್ಕೂ ನಕ್ಕೂ ಕೆಮ್ಮಿದರು. ಇವತ್ತು ಹೋದಾಗ ಕಟಾಂಜನದ ಈಚೆ ಕುರ್ಚಿಯಲ್ಲಿ ಕೂತು ಮಗನನ್ನು ಗದರುತ್ತಿದ್ದರು: "ಲೇ ಮೋಹನ, ಲಾಳಿ ಮೆಲ್ಗೆ ಬುಡ್ಲಾ! ರೇಷ್ಮೆ ಕಣ್ಲಾ ಅದು, ಗೋಣಿದಾರ ಅಲ್ಲ." ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ, ಚಂದ್ರು.

ಬೀಳ್ಕೊಡುವಾಗ ಚೌಡಮ್ಮ ನನ್ನ ಕೈ ಹಿಡಿದುಕೊಂಡರು. "ನೀವು ಬರ್ದೆ ಓಗಿದ್ರೆ ಇವ್ರು ಬೀಳೋರು, ನಾನು ಸಾಯೋಗಂಟ ನನ್ನೇ ಬೈಕತಿದ್ದೆ" ಎಂದರು. ಮನೆಗೆ ಬಂದವಳೇ ಪೆನ್ನು ಹುಡುಕಿದೆ.

ಹಬ್ಬಕ್ಕೆ ಎಳ್ಳುಬೆಲ್ಲ ಕಳಿಸುತ್ತೇನೆ. ಗಂಡ ಹೆಂಡತಿ ನೂರು ವರ್ಷ ನಗುತ್ತಾ ಬಾಳಿ.

ನಿನ್ನ ಅಕ್ಕ,
ಅನಸೂಯ

ಮರೆತ ಮಾತು: ಮರೆತದ್ದಲ್ಲ, ಹನ್ನೊಂದು ವರ್ಷದಿಂದ ನುಂಗಿಕೊಂಡದ್ದು. ಅಮ್ಮನನ್ನು ಆಸ್ಪತ್ರೆಯಿಂದ ಯಳಂದೂರಿಗೆ ಕಳಿಸಿದಾಗ 'ಮನೆ ನೋಡಿದೆ, ಸುರಕ್ಷಿತ' ಎಂದು ಬರೆದು ಸಹಿ ಹಾಕಿದ ನರ್ಸು ನಾನೇ. ನೋಡಿರಲಿಲ್ಲ. ನಾವು ಹುಟ್ಟಿ ಬೆಳೆದ ಮನೆ, ಅಲ್ಲಿ ನೋಡುವುದೇನು ಎಂದುಕೊಂಡೆ. ಬಚ್ಚಲಿನ ಆ ಜಾರುಗಲ್ಲು ನನಗೂ ನೆಲವೇ ಆಗಿತ್ತು. ನಾಲ್ಕನೇ ದಿನ ಅಮ್ಮ ಅದರ ಮೇಲೆ ಬಿದ್ದರು, ಮತ್ತೆ ಏಳಲಿಲ್ಲ. ಹಾಲು ತರಲು ಹೋಗಿದ್ದೆನಲ್ಲಾ ಎಂದು ನೀನು ಎದೆ ಬಡಿದುಕೊಂಡು ಅತ್ತಾಗ "ಅಳಬೇಡ" ಎಂದೆನೇ ಹೊರತು "ನಿನ್ನ ತಪ್ಪಲ್ಲ" ಎನ್ನಲಿಲ್ಲ. ನಿನ್ನ ತಪ್ಪಲ್ಲ, ಚಂದ್ರು. ಆ ದಿನವೂ ಅಲ್ಲ, ಈ ದಿನವೂ ಅಲ್ಲ.